ಮಣ್ಣಿಗಿಂತ ಮೊದಲು ಕಾಗದ

ವರ್ಷಗಟ್ಟಲೆ ಗಲ್ಫ್‌ನಲ್ಲಿ ದುಡಿದೋ ಊರಿನಲ್ಲೇ ಸಣ್ಣ ಅಂಗಡಿ ನಡೆಸಿಯೋ ನಾಲ್ಕೈದು ಲಕ್ಷ ರೂಪಾಯಿ ಉಳಿಸಿದ ಕುಟುಂಬದ ಮೊದಲ ಬಯಕೆ ಒಂದು ತುಂಡು ಭೂಮಿ. ಬಡ್ಡಿಯಿಂದ ದೂರವಿರಬಯಸುವ ನಮ್ಮವರಿಗೆ ಬ್ಯಾಂಕಿನ ಠೇವಣಿ ಒಗ್ಗುವುದಿಲ್ಲ. ಕಾರವಾರ, ಅಂಕೋಲಾ ಪೇಟೆಗಳ ಬೆಲೆ ಕೈಗೆಟುಕದಿದ್ದಾಗ ಕಾಳಿ ನದಿಯ ದಂಡೆಯ ಕದ್ವಾಡದಂತಹ ಗ್ರಾಮಗಳತ್ತ ದೃಷ್ಟಿ ಹೊರಳುವುದು ಸಹಜ. ಈ ಬಯಕೆ ತಪ್ಪಲ್ಲ. ಆದರೆ ಅಲ್ಪ ಬಂಡವಾಳ ಒಮ್ಮೆ ಮುಳುಗಿದರೆ ಮತ್ತೊಮ್ಮೆ ಕೂಡಿಸಲು ಅರ್ಧ ಆಯುಷ್ಯ ಬೇಕು ಎಂಬುದನ್ನು ನಾವು ಮರೆಯುತ್ತಿದ್ದೇವೆ.

ನಮ್ಮ ಭಾಗದಲ್ಲಿ ದಲ್ಲಾಳಿಗಳು ಭೂಮಿಗಿಂತ ಹೆಚ್ಚಾಗಿ ನಿರೀಕ್ಷೆಯನ್ನೇ ಮಾರುತ್ತಾರೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ವಿಸ್ತರಣೆ, ಅಂಕೋಲಾದ ಅಲಗೇರಿಯ ವಿಮಾನ ನಿಲ್ದಾಣ ಎಂದೆಲ್ಲ ಹೇಳಿ ಬೆಲೆ ಏರಿಸುತ್ತಾರೆ. ಸೀಬರ್ಡ್ ಯೋಜನೆಗೆ ಮನೆ, ಹೊಲ ಕಳೆದುಕೊಂಡವರು ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅಗ್ಗದ ಭೂಮಿ ಅಗ್ಗವಾಗಿರಲು ಕಾರಣವಿರುತ್ತದೆ. ನಮ್ಮ ಜಿಲ್ಲೆಯ ಬಹುಭಾಗ ಅರಣ್ಯ. ಸಮುದ್ರ ಮತ್ತು ಅಳಿವೆಯ ಅಂಚಿನಲ್ಲಿ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳಿವೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ತಗ್ಗು ಪ್ರದೇಶಗಳು ಜಲಾವೃತವಾದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿಯಿತು. ಆದ್ದರಿಂದ ಬೇಸಿಗೆಯಲ್ಲಿ ಮೆಚ್ಚಿದ ಜಾಗವನ್ನು ಮಳೆಗಾಲದಲ್ಲಿ ಇನ್ನೊಮ್ಮೆ ನೋಡದೆ ಮುಂಗಡ ಕೊಡಬಾರದು.

ಎರಡನೆಯದು ದಾಖಲೆ. ಪಹಣಿಯ 9ನೇ ಕಾಲಂ ಮಾಲೀಕರ ಹೆಸರನ್ನೂ 11ನೇ ಕಾಲಂ ಸಾಲ ಹಾಗೂ ಇತರ ಹಕ್ಕುಗಳನ್ನೂ ತಿಳಿಸುತ್ತದೆ. ಉಪನೋಂದಣಿ ಕಚೇರಿಯ ಋಣಭಾರ ಪತ್ರ ಹಿಂದಿನ ವಹಿವಾಟುಗಳನ್ನು ಬಯಲಿಗೆ ತರುತ್ತದೆ. ಸರ್ವೆ ನಕ್ಷೆ, ಬಿನ್‌ಶೇತ್ಕಿ ಆದೇಶ, ಪಂಚಾಯತಿಯ ಇ-ಸ್ವತ್ತು ಇವಿಷ್ಟೂ ಹೊಂದಿಕೆಯಾಗಬೇಕು. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ರೇರಾ ನೋಂದಣಿ ಕೇಳಬೇಕು. ವಕೀಲರಿಗೆ ಕೊಡುವ ಕೆಲವು ಸಾವಿರ ರೂಪಾಯಿ ದುಂದುವೆಚ್ಚವಲ್ಲ.

ಆದರೆ ನಮ್ಮ ಸಮುದಾಯದ ನಿಜವಾದ ರೋಗ ಬೇರೆಯೇ ಇದೆ. 'ನಮ್ಮವರೇ ಅಲ್ಲವೇ' ಎಂದು ಕಾಗದವಿಲ್ಲದೆ ಹಣ ಕೊಡುವುದು. 'ಹಲಾಲ್ ಲಾಭ'ದ ಮಾತು ನಂಬಿ ಬೆಂಗಳೂರಿನ ಐ.ಎಂ.ಎ. ಸಂಸ್ಥೆಯಲ್ಲಿ ಹಣ ತೊಡಗಿಸಿದ ಸಾವಿರಾರು ಕುಟುಂಬಗಳು 2019ರ ಜೂನ್‌ನಲ್ಲಿ ಬೀದಿಗೆ ಬಂದವು. ಗಡ್ಡ, ಟೋಪಿ, ಸಲಾಮುಗಳು ದಾಖಲೆಯಲ್ಲ. ಬರೇ ಕರಾರು ಪತ್ರ ಅಥವಾ ಮುಖ್ತ್ಯಾರ್ ಪತ್ರದಿಂದ ಸ್ಥಿರಾಸ್ತಿಯ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಕುರ್‌ಆನ್ (2:282) ಎಷ್ಟೋ ಶತಮಾನಗಳ ಹಿಂದೆಯೇ ಆದೇಶಿಸಿದೆ. ಬರೆಸಿಕೊಳ್ಳುವುದು ಅಪನಂಬಿಕೆಯ ಲಕ್ಷಣವೆಂದು ನಮಗೆ ಕಲಿಸಿದವರು ಯಾರು?

ಒಬ್ಬನ ಹಣ ಸಾಲದಿದ್ದರೆ ಸಹೋದರರೋ ಮಿತ್ರರೋ ಸೇರಿ ಎರಡು ಮೂರು ಗುಂಟೆ ಕೊಳ್ಳಬಹುದು. ಬಡ್ಡಿ ಸಾಲಕ್ಕಿಂತ ಇದು ಉತ್ತಮ ದಾರಿ. ಆದರೆ ಕ್ರಯಪತ್ರದಲ್ಲಿ ಎಲ್ಲರ ಹೆಸರೂ ಪ್ರತಿಯೊಬ್ಬರ ಪಾಲೂ ನಮೂದಾಗಿರಬೇಕು; ಯಾರಾದರೂ ಹೊರಹೋಗಬಯಸಿದರೆ ಬೆಲೆ ನಿಗದಿಪಡಿಸುವ ವಿಧಾನವನ್ನು ಮೊದಲೇ ಬರೆದಿಡಬೇಕು. ಪತ್ನಿಯ ಚಿನ್ನ ಮಾರಿ ಹಣ ಹೊಂದಿಸಿದ್ದರೆ ಅವಳ ಹೆಸರೂ ಅಲ್ಲಿರಬೇಕು.

ಕೊನೆಯದಾಗಿ, ಪಿತ್ರಾರ್ಜಿತ ಭೂಮಿಯನ್ನು ಕೊಳ್ಳುವಾಗ ಮಾರುವವನ ಅಕ್ಕತಂಗಿಯರು ಸಹಿ ಹಾಕಿದ್ದಾರೆಯೇ ಎಂದು ಕೇಳಿರಿ. ಅವರ ಪಾಲನ್ನು ನುಂಗಿ ಮಾರಿದ ಜಾಗ ನಾಳೆ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಇನ್ನೊಬ್ಬರ ಹಕ್ಕಿನ ಮೇಲೆ ಕಟ್ಟಿದ ಮನೆಯಲ್ಲಿ ನೆಮ್ಮದಿಯನ್ನು ನಿರೀಕ್ಷಿಸುವುದಾದರೂ ಹೇಗೆ?