ನೀರು ಕಡಿತವೂ ಗ್ಯಾಲರಿಯ ಗಿಡಗಳೂ

ಬೇಸಗೆ ಏರತೊಡಗಿತೆಂದರೆ ಮುಂಬಯಿಗೆ ನೀರುಣಿಸುವ ಏಳು ಜಲಾಶಯಗಳ ಮಟ್ಟವನ್ನು ತಿಳಿಸುವ ಅಂಕಿಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ವಾಡಿಕೆ. ಮಳೆ ತಡವಾದರೆ ಕಡಿತ ತಪ್ಪಿದ್ದಲ್ಲ. 2023ರ ಜುಲೈ 1ರಿಂದ ಮಹಾನಗರಪಾಲಿಕೆಯು ಶೇಕಡಾ 10ರಷ್ಟು ನೀರು ಕಡಿತಗೊಳಿಸಿತು. 2024ರಲ್ಲಿ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ಕಡಿತ ಜಾರಿಗೆ ಬಂದು, ಜುಲೈ 29ರಂದು ತೆರವಾಯಿತು. ಇಂತಹ ದಿನಗಳಲ್ಲಿ ಅನೇಕ ಸೊಸೈಟಿಗಳ ಫಲಕದ ಮೇಲೆ ಮೊತ್ತಮೊದಲು ಕಾಣಿಸಿಕೊಳ್ಳುವ ಸೂಚನೆ ಒಂದೇ: ಕುಂಡಗಳಿಗೆ ನೀರು ಹಾಕಕೂಡದು.

ಈ ಸೂಚನೆಯ ಹಿಂದಿನ ಕಳವಳ ನಮಗೆ ಅರ್ಥವಾಗುತ್ತದೆ. ಅದರ ಲೆಕ್ಕ ಮಾತ್ರ ಅರ್ಥವಾಗುವುದಿಲ್ಲ. ನಮ್ಮವರ ಗ್ಯಾಲರಿಯಲ್ಲಿರುವುದೆಂದರೆ ಒಂದು ತುಳಸಿ, ಒಂದು ಕರಿಬೇವು, ಸರಳಿಗೆ ಹಬ್ಬಿಸಿದ ಬಸಳೆ, ಊರಿನಿಂದ ತಂದ ಮಲ್ಲಿಗೆಯ ಬಳ್ಳಿ. ಎಂಟು ಅಂಗುಲದ ಕುಂಡವೊಂದಕ್ಕೆ ದಿನಕ್ಕೆ ಅರ್ಧ ಲೀಟರ್ ಧಾರಾಳವಾಗಿ ಸಾಕು. ಹತ್ತು ಕುಂಡಗಳಿದ್ದರೂ 5 ಲೀಟರ್. ಮಿನಿಟಿಗೆ 100 ಲೀಟರ್ ಎತ್ತುವ ಪಂಪನ್ನು ನಿಲ್ಲಿಸಲು ಮರೆತು, ಮಾಳಿಗೆಯ ಟಾಂಕಿ ಅರ್ಧ ಗಂಟೆ ತುಂಬಿ ಹರಿದರೆ ಚರಂಡಿಯ ಪಾಲಾಗುವುದು 3,000 ಲೀಟರ್. ಅದೇ ಹತ್ತು ಕುಂಡಗಳಿಗೆ 600 ದಿನಗಳ ನೀರು. ನಗರಕ್ಕೆ ಪ್ರತಿದಿನ ಪೂರೈಕೆಯಾಗುವ ಸುಮಾರು 390 ಕೋಟಿ ಲೀಟರಿನಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಸೋರಿಕೆ ಮತ್ತು ಕಳವುಗಳಲ್ಲಿ ಹೋಗುತ್ತದೆಂಬುದು ಬಹುಕಾಲದ ದೂರು. ಅದನ್ನು ಬಿಟ್ಟು ತುಳಸಿಕಟ್ಟೆಯ ತಂಬಿಗೆಯನ್ನು ಹಿಡಿದು ನಿಲ್ಲಿಸುವುದು ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಕಟ್ಟಿದಂತೆ.

ಹಾಗೆಂದು ಗಿಡ ಬೆಳೆಸುವವರೆಲ್ಲರೂ ನಿರಪರಾಧಿಗಳೆಂದು ನಾವು ಹೇಳಲಾರೆವು. ನಳಕ್ಕೆ ರಬ್ಬರಿನ ಕೊಳವೆ ಸಿಕ್ಕಿಸಿ ಹತ್ತು ನಿಮಿಷ ಬಿಟ್ಟರೆ ಸುಲಭವಾಗಿ 100 ಲೀಟರ್ ಹರಿದುಹೋಗುತ್ತದೆ. ಕಟ್ಟಡವಾಸಿಗೆ ತಲೆಗೆ 150 ಲೀಟರ್, ಕೊಳೆಗೇರಿಯವನಿಗೆ 45 ಲೀಟರ್ ಎಂಬ ಮಾನದಂಡವನ್ನಿಟ್ಟುಕೊಂಡು ನಡೆದುಬಂದ ಈ ಊರಿನಲ್ಲಿ ಆ ನೂರು ಲೀಟರ್ ಇಬ್ಬರ ದಿನದ ಪಾಲಿಗಿಂತ ಹೆಚ್ಚು. ನೀರು ಬರುವ ದಾರಿಯನ್ನಾದರೂ ನೋಡೋಣ. 1860ರಲ್ಲಿ ವಿಹಾರ ಕೆರೆ ನಗರದ ಸಮೀಪದಲ್ಲಿಯೇ ಸಿದ್ಧವಾಯಿತು. 1892ರಲ್ಲಿ ತಾನ್ಸಾ, ಕೊನೆಗೆ 2014ರಲ್ಲಿ ಮಧ್ಯ ವೈತರಣಾ, ಹೀಗೆ ದಾಹ ಬೆಳೆದಂತೆಲ್ಲ ನಗರವು ದೂರ ದೂರದ ಕಣಿವೆಗಳಿಗೆ ಕೈಚಾಚಿದೆ. ಇಂದು ನಗರದ ನೀರಿನ ಅರ್ಧದಷ್ಟನ್ನು ಕೊಡುವ ಭಾತ್ಸಾ ಇರುವುದು ಸುಮಾರು ನೂರು ಕಿಲೋಮೀಟರ್ ಆಚೆ, ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಆದಿವಾಸಿ ಪಾಡಾಗಳ ಹೆಂಗಸರು ಬೇಸಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುತ್ತಾರೆ. ನಮ್ಮ ಮಲ್ಲಿಗೆಗೆ ಬೀಳುವ ಪ್ರತಿ ತಂಬಿಗೆಯೂ ಅವರ ಅಂಗಳವನ್ನು ದಾಟಿ ಬಂದುದು.

ನೀರಿನ ಬೆಲೆ ನಮ್ಮ ಜಿಲ್ಲೆಗಳಿಂದ ಬಂದವರಿಗೆ ಹೊಸತಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಗುಡ್ಡಕ್ಕೆ ಒಬ್ಬರೇ ಸುರಂಗ ಕೊರೆದು, ಐದು ವಿಫಲವಾದ ಮೇಲೆ ಆರನೆಯದರಲ್ಲಿ ನೀರು ಕಂಡರು. ನೂಲಿನಂತೆ ಬರುವ ಆ ನೀರನ್ನು ಟಾಂಕಿಯಲ್ಲಿ ಕೂಡಿಹಾಕಿ ತೋಟ ಮಾಡಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಇದ್ದುದನ್ನು ಅಳೆದು ಬೇರಿಗೆ ಮುಟ್ಟಿಸುವ ಆ ಪದ್ಧತಿ ಡೊಂಬಿವಲಿಯ ಗ್ಯಾಲರಿಗೂ ಸಲ್ಲುವಂಥದೇ.

ಅಳೆಯುವುದು ಹೇಗೆ? ಪಂಚಾಂಗ ನೋಡಿ ಆಗುವ ಕೆಲಸ ಇದಲ್ಲ. ಮುಂಬಯಿಗೆ ಮುಂಗಾರು 2023ರಲ್ಲಿ ಜೂನ್ 25ಕ್ಕೆ ಬಂದರೆ 2025ರಲ್ಲಿ ಮೇ 26ಕ್ಕೇ ಬಂದಿತು. ಒಂದು ತಿಂಗಳ ಅಂತರ! ಆದುದರಿಂದ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುವುದೇ ನಂಬತಕ್ಕ ಪರೀಕ್ಷೆ. ಒಳಗೆ ತಂಪಿದ್ದರೆ ಆ ದಿನ ನೀರು ಬೇಡ. ಮೇಲ್ಮಣ್ಣು ಒಣಗಿದೊಡನೆ ಸುರಿಯುವವರೇ ಹೆಚ್ಚು; ಬಾಡಿ ಸಾಯುವ ಗಿಡಗಳಷ್ಟೇ ಬೇರು ಕೊಳೆತು ಸಾಯುವ ಗಿಡಗಳೂ ಇವೆ. ಸ್ಥೂಲವಾಗಿ ಹೇಳುವುದಾದರೆ, ಮಾರ್ಚಿನಿಂದ ಮೇವರೆಗೆ ದಿನಕ್ಕೊಮ್ಮೆ, ನವೆಂಬರಿನಿಂದ ಫೆಬ್ರವರಿವರೆಗೆ ಎರಡು ದಿನಕ್ಕೊಮ್ಮೆ ಸಾಕಾಗಬಹುದು. ಮಳೆಗಾಲದ ಅಭ್ಯಾಸದಲ್ಲಿ ಮೈಮರೆತವರ ಗಿಡಗಳು ಅಕ್ಟೋಬರಿನ ಬಿಸಿಲಿಗೆ ಸೀದುಹೋಗುವುದುಂಟು. ಮಣ್ಣಿನ ಕುಂಡದ ಮೈಯಿಂದಲೂ ನೀರು ಆರುವುದರಿಂದ ಅದಕ್ಕೆ ಪ್ಲಾಸ್ಟಿಕ್ಕಿನದಕ್ಕಿಂತ ಬೇಗ ಬಾಯಾರಿಕೆ. ತೆಂಗಿನ ನಾರನ್ನೋ ತರಗೆಲೆಯನ್ನೋ ಮೇಲೆ ಹೊದಿಸಿದರೆ ಬಿಸಿಲಿಗೆ ಹೋಗುವ ಪಾಲು ಉಳಿಯುತ್ತದೆ. ಹೊತ್ತಿನ ವಿಷಯದಲ್ಲಿ ಬೆಳಗ್ಗೆ ಲೋಕಲ್ ಗಾಡಿ ಹಿಡಿಯುವ ಮುನ್ನ ಹಾಕುವುದು ಉತ್ತಮ. ಪಾಳಿಯ ಕೆಲಸದವರು ಸಂಜೆ ಹಾಕಿದರೂ ಬಾಧಕವಿಲ್ಲ, ನಡುಹಗಲು ಮಾತ್ರ ಬೇಡ.

ನಳದ ನೀರೇ ಆಗಬೇಕೆಂದೂ ಇಲ್ಲ. ಊರಿನಲ್ಲಿ ಹಟ್ಟಿಗೆ ಹೋಗುತ್ತಿದ್ದ ಅಕ್ಕಚ್ಚು ಇಲ್ಲಿ ಮೋರಿಗೆ ಹೋಗುತ್ತಿದೆ. ಇಡ್ಲಿ ದೋಸೆಗೆಂದು ನಿತ್ಯ ಅಕ್ಕಿ ಉದ್ದು ತೊಳೆಯುವ ನಮ್ಮ ಹೋಟೆಲುಗಳ ಹಿತ್ತಿಲಲ್ಲಿ ಒಂದು ಬಾಲ್ದಿ ಇಟ್ಟರೆ ಬಾಗಿಲ ಬಳಿಯ ಕುಂಡಗಳಿಗಷ್ಟೇ ಅಲ್ಲ, ಕೆಲಸಗಾರರ ಕೋಣೆಯ ಬಸಳೆಗೂ ಸಾಕಾಗುವಷ್ಟು ನೀರು ಸಿಕ್ಕೀತು. ಸಾಬೂನು, ಉಪ್ಪು, ಎಣ್ಣೆ ತಾಗಿದ ನೀರು ಸಲ್ಲದು. ಅಕ್ಕಚ್ಚನ್ನು ಅಂದಂದಿಗೇ ಹಾಕಿ ಮುಗಿಸಬೇಕು, ಹಳಸಿದರೆ ನಾತ.

ಮಳೆಗಾಲದಲ್ಲಿ ನೀರಿಗಿಂತ ತಟ್ಟೆಯದೇ ಚಿಂತೆ. ಕುಂಡದಡಿಯ ತಟ್ಟೆಯಲ್ಲಿ ನಿಂತ ಒಂದಂಗುಲ ನೀರು ಡೆಂಗಿಯ ಸೊಳ್ಳೆಗೆ ಸಾಕು. ಪಾಲಿಕೆಯ ಸಿಬ್ಬಂದಿ ಮನೆ ಹೊಕ್ಕು ಪರಿಶೀಲಿಸುವುದೂ ನೋಟೀಸು ಕೊಡುವುದೂ ಇದಕ್ಕಾಗಿಯೇ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಚೆಲ್ಲಿ ಒರೆಸಲೇಬೇಕು.

ಸೊಸೈಟಿಗಳಲ್ಲಿ ಪದಾಧಿಕಾರಿಗಳಾಗಿರುವ ನಮ್ಮವರು ಕಡಿತದ ದಿನಗಳಲ್ಲಿ ಕುಂಡಗಳ ಮೇಲಲ್ಲ, ಕೊಳವೆಯ ಮೇಲೆ ನಿಷೇಧ ಹೇರಲಿ. ಪಂಪಿನ ಗುಂಡಿಯ ಬಳಿ ಒಬ್ಬನನ್ನು ಹೊಣೆಗಾರನನ್ನಾಗಿ ಮಾಡಲಿ. ಇನ್ನು ನೇಮ, ಮದುವೆ ಎಂದು ಮೇ ತಿಂಗಳಲ್ಲೇ ಬಾಗಿಲಿಗೆ ಬೀಗ ಹಾಕಿ ಊರಿಗೆ ಹೊರಡುವವರ ಸಮಸ್ಯೆ. ಕುಂಡಗಳನ್ನು ನೆರಳಿಗೆ ಸರಿಸಿ ಒತ್ತೊತ್ತಾಗಿ ಇಟ್ಟು, ತುಂಬಿದ ಬಾಲ್ದಿಯನ್ನು ತುಸು ಎತ್ತರದಲ್ಲಿರಿಸಿ ಬಾಯಿಯನ್ನು ಮುಚ್ಚಿ, ಅದರಿಂದ ಪ್ರತಿ ಕುಂಡದ ಮಣ್ಣಿಗೂ ದಪ್ಪ ಹತ್ತಿಯ ಬತ್ತಿಯೊಂದನ್ನು ಇಳಿಬಿಟ್ಟರೆ ಒಂದು ವಾರ ನಡೆದೀತು. ಅದಕ್ಕೂ ಮೀರಿದ ರಜೆಯಾದರೆ ಕೀಲಿಕೈಯನ್ನು ನೆರೆಮನೆಯವರಿಗೆ ಕೊಡುವಾಗ ಬೆರಳಿನ ಪರೀಕ್ಷೆಯನ್ನೂ ಹೇಳಿಕೊಟ್ಟು ಹೋಗಬೇಕು. ಇಲ್ಲವಾದರೆ ಅವರ ವಿಶ್ವಾಸದ ಭರದಲ್ಲಿಯೇ ತುಳಸಿ ಕೊಳೆತೀತು.