ಲವೆಲ್ ಪತ್ತೆ ಮಾಡಿದ್ದು ಚಿನ್ನವನ್ನಲ್ಲ



ಕೋಲಾರದ ಚಿನ್ನವನ್ನು ಪತ್ತೆ ಮಾಡಿದವನು ಬೆಂಗಳೂರು ದಂಡುಪ್ರದೇಶದ ಮೈಕೆಲ್ ಲವೆಲ್ ಎಂದು ನಿಮ್ಮ ಪುರವಣಿಯ ಲೇಖಕರು ಬರೆದಿದ್ದಾರೆ. ಹಾಗಿದ್ದರೆ 1802ರಲ್ಲಿ ನಡೆದದ್ದೇನು? ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನ ತೋರಿಸಿದವರಿಗೆ ಇನಾಮು ಸಾರಿದಾಗ ಊರಿನವರು ಗಾಡಿಗಟ್ಟಲೆ ಮಣ್ಣು ತಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದ್ದರು. ಮಾರಿಕುಪ್ಪಂನಲ್ಲಿ ಕಲ್ಲು ಕುಟ್ಟಿ ಚಿನ್ನ ತೆಗೆಯುವವರೂ ಇದ್ದರು. ಲವೆಲ್ ಓದಿದ್ದು ಆ ವಾರನ್ ಬರೆದಿಟ್ಟದ್ದನ್ನೇ!

1873ರಲ್ಲಿ ಲವೆಲ್ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ ಗಣಿ ಹಕ್ಕು ಪಡೆದ, ಕೈಯಲ್ಲಿ ಬಂಡವಾಳ ಸಾಲದೆ 1877ರಲ್ಲಿ ಅದನ್ನು ಬೆರೆಸ್‌ಫರ್ಡ್ ಎಂಬವರ ಹೂಡಿಕೆದಾರರ ಕೂಟಕ್ಕೆ ದಾಟಿಸಿದ. ಛಲವಂತ, ಒಪ್ಪೋಣ. ಆದರೆ ಲಾಭ ಕಂಡದ್ದು 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ ಮತ್ತು ಲಂಡನ್ನಿನ ಷೇರುದಾರರು. ಮೂರು ಕಿಲೋಮೀಟರಿನಷ್ಟು ಆಳಕ್ಕೆ ಇಳಿದ ಕೂಲಿಗಳಿಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

2001ರಲ್ಲಿ ಗಣಿ ಮುಚ್ಚಿತು. ಅಂದಿನಿಂದ ಆ ಕೂಲಿಗಳ ಮನೆಗಳ ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ, ನಮ್ಮ ಪಕ್ಕದ ಕೆ.ಆರ್. ಪುರದಲ್ಲಿ ಇಳಿದು ಕೆಲಸಕ್ಕೆ ಓಡುತ್ತಾರೆ. ಲವೆಲ್‌ಗೆ ನಗರದ ನಡುವೆ ರಸ್ತೆಯೇ ಇದೆ, ಮತ್ತೆ ಹೊಗಳಿಕೆ ಬೇಕಿಲ್ಲ. ಮುಂದಿನ ಪುರವಣಿಯಲ್ಲಿ ಈ ರೈಲಿನವರ ಅಜ್ಜಂದಿರ ಬಗ್ಗೆ ಬರೆಸಿ.

– ಓದುಗ, ಹೊರಮಾವು