ಬೇಸಿಗೆಯ ಸೊಪ್ಪು ಮನೆಯೊಳಗೇ ಬೆಳೆಯಲಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹೆಸರುಗಳನ್ನು ಒಟ್ಟಿಗೆ ಹೇಳುವುದು ವಾಡಿಕೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯು ಹುಟ್ಟಿದಾಗ ಅದರಲ್ಲಿದ್ದ ತಾಲ್ಲೂಕುಗಳು ಇವೇ. ಆದರೆ ನೆಲದ ಗುಣವನ್ನು ನೋಡಿದರೆ ಇವು ಒಂದೇ ಬಗೆಯವಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಕಡೆ ಬತ್ತದ ಗದ್ದೆಗಳು ಕಣ್ಣು ಹಾಯುವಷ್ಟು ದೂರ ಹಬ್ಬಿವೆ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗವಾದರೋ ಮಳೆಯನ್ನೇ ನಂಬಿದ ಸೀಮೆ. ಜೋಳ, ಸಜ್ಜೆ, ಹೆಸರು, ಮಡಿಕೆ, ಹುರುಳಿ, ಕಡಲೆಗಳನ್ನು ಬೆಳೆಯುವ ನಾಡು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಬೇಸಿಗೆ ಬಲಿತ ಮೇಲೆ ಮುಂಗಾರು ಇಳಿಯುವವರೆಗೆ ಬಡವರ ರೊಟ್ಟಿಯ ಮಗ್ಗುಲಿಗೆ ಹಸಿರು ಸೊಪ್ಪು ಬರುವುದು ಅಪರೂಪ. ಈ ಕೊರತೆಯನ್ನು ತುಸುಮಟ್ಟಿಗಾದರೂ ತುಂಬಬಲ್ಲ ಬೇಸಾಯವೊಂದು ಮನೆಯ ಒಳಗೇ ಸಾಧ್ಯವಿದೆ. ಅದನ್ನು ನಮ್ಮ ವಿದ್ಯಾರ್ಥಿಗಳು ತಿಳಿವಳಿಕೆಯಿಂದ ಕೈಗೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ.

ಆ ಬೇಸಾಯ ಯಾವುದೆಂದರೆ ಮೊಳಕೆಕಾಳು ಮತ್ತು ಎಳೆಸೊಪ್ಪಿನದು. ನೆನೆಸಿದ ಕಾಳನ್ನು ಒದ್ದೆ ಅರಿವೆಯಲ್ಲಿ ಕಟ್ಟಿ, ಎರಡು ದಿನಗಳಲ್ಲಿ ಮೂಡಿದ ಬೇರು, ಬೀಜಗಳ ಸಹಿತ ತಿನ್ನುವುದು ಮೊಳಕೆ. ಮೆಂತ್ಯ, ಸಾಸಿವೆಗಳಂಥ ಬೀಜವನ್ನು ಎರಡಂಗುಲ ಮಣ್ಣು ಹರವಿದ ತಟ್ಟೆಯಲ್ಲಿ ಒತ್ತಾಗಿ ಬಿತ್ತಿ, ಕಿಟಕಿಯ ಬೆಳಕಿನಲ್ಲಿ ಏಳೆಂಟು ದಿನ ಬೆಳೆಸಿ, ಬುಡವನ್ನು ಮಣ್ಣಿನಲ್ಲೇ ಬಿಟ್ಟು ಮೇಲಿನ ಎಳೆಯ ಕಾಂಡವನ್ನೂ ಎಲೆಗಳನ್ನೂ ಕತ್ತರಿಸಿಕೊಳ್ಳುವುದು ಎಳೆಸೊಪ್ಪು. ನಗರಗಳಲ್ಲಿ ಇದನ್ನೇ ಮೈಕ್ರೋಗ್ರೀನ್ ಎಂಬ ಹೆಸರಿನಿಂದ ಪುಟ್ಟ ಪೆಟ್ಟಿಗೆಗಳಲ್ಲಿ ತುಂಬಿ ದುಬಾರಿ ಬೆಲೆಗೆ ಮಾರುತ್ತಾರೆ. ಹೆಸರು ಹೊಸದು, ಕೆಲಸ ನಮಗೆ ಹೊಸದಲ್ಲ. ಮಡಿಕೆಕಾಳಿನ ಮೊಳಕೆಯ ಪಲ್ಯವನ್ನೂ, ರೊಟ್ಟಿಯ ಜೊತೆಗೆ ಹಸಿ ಮೆಂತ್ಯಸೊಪ್ಪನ್ನೂ ತಿನ್ನದ ಮನೆ ಈ ಭಾಗದಲ್ಲಿ ವಿರಳ. ಲಂಬಾಣಿ ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆಂದು ಮದುವೆಯಾಗದ ಹೆಣ್ಣುಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಗೋಧಿಯನ್ನು ಬಿತ್ತಿ, ಹಾಡುತ್ತ ನೀರೆರೆದು ಸಸಿ ಬೆಳೆಸುವುದುಂಟು. ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡುವ ಮನೆಗಳಲ್ಲಿಯೂ ದೇವರ ಮುಂದೆ ಧಾನ್ಯ ಮೊಳೆಯುತ್ತದೆ. ಆದುದರಿಂದ ತಟ್ಟೆ, ಬೀಜ, ಕೈಚಳಕ ಎಲ್ಲವೂ ನಮ್ಮಲ್ಲಿವೆ. ಏಕೆ, ಹೇಗೆ ಎಂಬ ಅರಿವು ಮಾತ್ರ ಅವುಗಳೊಡನೆ ಸೇರಬೇಕಾಗಿದೆ.

ಒಣಕಾಳು ಸತ್ತ ವಸ್ತುವಲ್ಲ, ನಿದ್ರಿಸುತ್ತಿರುವ ಜೀವಿ. ನೀರು ಒಳಹೊಕ್ಕೊಡನೆ ಭ್ರೂಣವು ಎಚ್ಚರಗೊಳ್ಳುತ್ತದೆ. ಕಿಣ್ವಗಳು ಕೆಲಸಕ್ಕೆ ತೊಡಗಿ ಪಿಷ್ಟವನ್ನು ಸಕ್ಕರೆಯಾಗಿಯೂ ಪ್ರೋಟೀನನ್ನು ಅದರ ಸಣ್ಣ ಘಟಕಗಳಾಗಿಯೂ ಒಡೆಯುತ್ತವೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಕೆಲವು ಸಕ್ಕರೆಗಳು ಕಡಿಮೆಯಾಗುತ್ತವೆ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲವೂ ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿದ್ದ 'ಸಿ' ಜೀವಸತ್ವವು ಹೊಸದಾಗಿ ತಯಾರಾಗುತ್ತದೆ.

ಈ ಕೊನೆಯ ಸಂಗತಿಯ ಬೆಲೆಯನ್ನು ಜಗತ್ತು ಯುದ್ಧಕಾಲದಲ್ಲಿ ಮನಗಂಡಿತು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ಇಂದಿನ ಇರಾಕಿನ ಕೂತ್ ಪಟ್ಟಣವು ಮುತ್ತಿಗೆಗೆ ಒಳಗಾದಾಗ, ಹಸಿ ತರಕಾರಿಯಿಲ್ಲದೆ ಭಾರತೀಯ ಸಿಪಾಯಿಗಳು ಸ್ಕರ್ವಿ ರೋಗದಿಂದ ಬಳಲಿದರು. ಅದೇ ಯುದ್ಧದ ವರ್ಷಗಳಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಆಕೆಯ ಸಂಗಡಿಗರು ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಒಣಕಾಳು ಸ್ಕರ್ವಿಯನ್ನು ತಡೆಯಲಾರದೆಂದೂ ಮೊಳೆಸಿದ ಕಾಳು ತಡೆಯಬಲ್ಲುದೆಂದೂ ತೋರಿಸಿಕೊಟ್ಟರು. 'ಸಿ' ಜೀವಸತ್ವವನ್ನು ಅಂದು ಯಾರೂ ಬೇರ್ಪಡಿಸಿ ನೋಡಿರಲಿಲ್ಲ. ಆದರೂ ಒಂದು ಹಿಡಿ ಕಾಳು ಮತ್ತು ನೀರು ಅದನ್ನು ಒದಗಿಸಬಲ್ಲವೆಂಬುದು ಸಿದ್ಧವಾಯಿತು.

ಇಂದು ನಮ್ಮ ಮುಂದಿರುವುದು ಸ್ಕರ್ವಿಯಲ್ಲ, ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಕಾಳುಗಳಲ್ಲಿಯೂ ಧಾನ್ಯಗಳಲ್ಲಿಯೂ ಕಬ್ಬಿಣವಿದ್ದರೂ ದೇಹವು ಅದನ್ನು ಸುಲಭವಾಗಿ ಹೀರಿಕೊಳ್ಳದು. ಊಟದಲ್ಲಿ 'ಸಿ' ಜೀವಸತ್ವವಿದ್ದರೆ ಹೀರಿಕೆ ಹೆಚ್ಚುತ್ತದೆ. ರೊಟ್ಟಿಯ ಜೊತೆಗೆ ಮೊಳಕೆಯ ಪಲ್ಯ, ಅದರ ಮೇಲೆ ಅರ್ಧ ನಿಂಬೆಯ ರಸ ಎಂಬ ಸಲಹೆಯ ಹಿಂದಿರುವ ಕಾರಣ ಇದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಮೊಳಕೆ ಬರಿಸಿದರೆ ಪ್ರೋಟೀನು ಹತ್ತುಪಟ್ಟು ಹೆಚ್ಚುವುದೆಂದೂ, ಎಳೆಸೊಪ್ಪು ಸಕಲ ರೋಗಗಳಿಗೂ ಮದ್ದೆಂದೂ ಹೇಳುವವರಿದ್ದಾರೆ. ಇದನ್ನು ನಂಬತಕ್ಕದ್ದಲ್ಲ. ನೂರು ಗ್ರಾಂ ಒಣ ಹೆಸರಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನಿದ್ದರೆ, ನೂರು ಗ್ರಾಂ ಉದ್ದ ಮೊಳಕೆಯಲ್ಲಿ ಸುಮಾರು 3 ಗ್ರಾಂ ಮಾತ್ರ. ಏಕೆಂದರೆ ಮೊಳಕೆಯ ತೂಕದಲ್ಲಿ ಶೇಕಡಾ 90ರಷ್ಟು ನೀರು. ಕತ್ತಲೆಯಲ್ಲಿ ಮೊಳೆಯುವ ಕಾಳು ಉಸಿರಾಟಕ್ಕಾಗಿ ತನ್ನ ಒಣತೂಕವನ್ನೇ ಸ್ವಲ್ಪ ಖರ್ಚು ಮಾಡುತ್ತದೆ. 'ಸಿ' ಜೀವಸತ್ವವಾದರೂ ನೂರು ಗ್ರಾಂ ಹಸಿ ಮೊಳಕೆಯಲ್ಲಿ 13 ಮಿಲಿಗ್ರಾಮಿನ ಆಸುಪಾಸು. ಪೇರಲಹಣ್ಣಿನಲ್ಲಿ ಇದರ ಹತ್ತುಪಟ್ಟಿಗೂ ಮೇಲಿದೆ. ಆದರೆ ಪೇರಲ ಎಲ್ಲ ಕಾಲದಲ್ಲಿಯೂ ಎಲ್ಲರಿಗೂ ಸಿಗದು. ಹೆಸರುಕಾಳು ಡಬ್ಬಿಯಲ್ಲಿ ವರ್ಷವಿಡೀ ಇರುತ್ತದೆ. ಮೊಳಕೆಯ ನಿಜವಾದ ಹಿರಿಮೆ ಇಷ್ಟೇ, ಇದು ಸಾಕು.

ಇನ್ನು ಅಪಾಯಗಳು. ಮೊದಲನೆಯದು ಸೂಕ್ಷ್ಮಾಣುಗಳದು. ಕಾಳು ಮೊಳೆಯಲು ಬೇಕಾದ ತೇವವೂ ಬೆಚ್ಚಗೂ ಸೂಕ್ಷ್ಮಾಣುಗಳಿಗೂ ಅಷ್ಟೇ ಪ್ರಿಯ. 2011ರಲ್ಲಿ ಜರ್ಮನಿಯಲ್ಲಿ 3,800ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ, 50ಕ್ಕೂ ಹೆಚ್ಚು ಮಂದಿ ಮಡಿದರು. ಮೂಲವನ್ನು ಹುಡುಕುತ್ತ ಹೋದ ತಜ್ಞರು ಕಡೆಗೆ ತಲುಪಿದ್ದು ಹಸಿಯಾಗಿ ತಿಂದ ಮೆಂತ್ಯದ ಮೊಳಕೆಯನ್ನು! ಬೇಸಿಗೆಯ ಹಗಲು 40 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ಕೈಯನ್ನೂ ಅರಿವೆಯನ್ನೂ ಶುಚಿಯಾಗಿಡಬೇಕು. ಕಾಳನ್ನು ದಿನಕ್ಕೆ ಎರಡು ಮೂರು ಬಾರಿ ಕುಡಿಯುವ ನೀರಿನಲ್ಲಿ ತೊಳೆಯಬೇಕು. ಲೋಳೆಯಾಗಿ ನಾರಿದ್ದನ್ನು ಎಸೆಯಬೇಕು. ಮೊಳಕೆಯನ್ನು ಹಬೆಯಲ್ಲಿ ಬೇಯಿಸಿಯೋ ಒಗ್ಗರಣೆಯಲ್ಲಿ ಚೆನ್ನಾಗಿ ಬಾಡಿಸಿಯೋ ತಿನ್ನಬೇಕು. ಬೇಯಿಸಿದರೆ 'ಸಿ' ಜೀವಸತ್ವದಲ್ಲಿ ಒಂದು ಪಾಲು ನಷ್ಟವಾಗುವುದು ನಿಜ. ಆ ನಷ್ಟವನ್ನು ನಿಂಬೆ ತುಂಬಿಕೊಡುತ್ತದೆ. ಹೋದ ಆರೋಗ್ಯವನ್ನು ಯಾವುದೂ ಸುಲಭವಾಗಿ ತುಂಬಿಕೊಡದು.

ಎರಡನೆಯದು ಜೋಳದ ಎಳೆಸಸಿ. ಎಳೆಯ ಜೋಳದ ಪೈರಿಗೆ ದನ ಬಾಯಿ ಹಾಕದಂತೆ ರೈತರು ಕಾಯುವುದನ್ನು ನೀವು ಕಂಡಿರಬಹುದು. ಜೋಳದ ಎಳೆಸಸಿಯಲ್ಲಿ ಧುರಿನ್ ಎಂಬ ವಸ್ತುವಿದ್ದು, ಅಗಿದಾಗ ಅದರಿಂದ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷ ಬಿಡುಗಡೆಯಾಗುತ್ತದೆ. ಬಲಿತು ಒಣಗಿದ ಜೋಳದ ಕಾಳು ನಮ್ಮ ಅನ್ನ. ಅದರ ಎಳೆಸಸಿ ಅನ್ನವಲ್ಲ. ಎಳೆಸೊಪ್ಪಿಗೆಂದು ಜೋಳವನ್ನು ಎಂದಿಗೂ ಬಿತ್ತಕೂಡದು. ಮೂರನೆಯದು ಬಿತ್ತನೆಯ ಬೀಜ. ಹೊಲಕ್ಕೆಂದು ತಂದ, ಔಷಧ ಲೇಪಿಸಿ ಬಣ್ಣ ಹಚ್ಚಿದ ಬೀಜ ಮಿಕ್ಕಿದ್ದರೆ ಅದನ್ನು ಅಡುಗೆಮನೆಗೆ ತರಲೇಕೂಡದು. ನಾಲ್ಕನೆಯದು ನೀರು. ಈ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿದೆ; ಕುದಿಸಿದರೆ ಅದು ಹೋಗದು. ಕುಡಿಯಲು ಯೋಗ್ಯವಾದ ನೀರೇ ಕಾಳು ನೆನೆಸಲಿಕ್ಕೂ ಯೋಗ್ಯ.

ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿದರೆ ಫಲವಿಲ್ಲ. ಪ್ರೌಢಶಾಲೆಯ ಪ್ರತಿಯೊಂದು ತರಗತಿಯ ಕಿಟಕಿಯಲ್ಲಿ ಎರಡು ತಟ್ಟೆ ಮೆಂತ್ಯವಿರಲಿ ಎಂಬುದು ನಮ್ಮ ಸೂಚನೆ. ಒಂದನ್ನು ಬೆಳಕಿನಲ್ಲಿಯೂ ಇನ್ನೊಂದನ್ನು ಡಬ್ಬಿಯ ಕೆಳಗೂ ಇಟ್ಟು ನೋಡಿ: ಕತ್ತಲೆಯ ಸಸಿ ಉದ್ದವಾಗಿ ಬೆಳೆದರೂ ಹಳದಿಯಾಗಿಯೇ ಉಳಿಯುವುದು, ಏಕೆಂದರೆ ಪತ್ರಹರಿತ್ತು ಮೂಡಲು ಬೆಳಕು ಬೇಕು. ಪಿಷ್ಟದ ತಿಳಿಗೆ ಅಯೊಡಿನ್ ಒಂದು ಹನಿ ಬೆರೆಸಿ ನೀಲಿ ಮಾಡಿಕೊಳ್ಳಿ. ಒಣಕಾಳನ್ನೂ ಎರಡು ದಿನದ ಮೊಳಕೆಯನ್ನೂ ಬೇರೆಬೇರೆಯಾಗಿ ಅರೆದು, ಸೋಸಿ, ಆ ನೀಲಿಗೆ ತೊಟ್ಟುತೊಟ್ಟಾಗಿ ಹಾಕಿ. ಎಷ್ಟು ತೊಟ್ಟಿಗೆ ಬಣ್ಣ ಅಳಿಯುವುದೆಂದು ಎಣಿಸಿ. 'ಸಿ' ಜೀವಸತ್ವವು ಅಯೊಡಿನ್ನಿನ ನೀಲಿಯನ್ನು ಅಳಿಸುತ್ತದೆ. ಹೆಸರು, ಮಡಿಕೆ, ಹುರುಳಿಗಳಲ್ಲಿ ಯಾವುದು ಮೇಲೆಂಬುದನ್ನು ನಮ್ಮ ಮಾತಿನಿಂದ ಒಪ್ಪಬೇಕಾಗಿಲ್ಲ; ನೀವೇ ಅಳೆದು ತಿಳಿಯಬಹುದು.

ದೊಡ್ಡ ಅಣೆಕಟ್ಟು ಗಂಗಾವತಿಯ ಬಯಲನ್ನು ಹಸಿರಾಗಿಸಿತು. ಆ ನೀರು ಹತ್ತದ ಊರುಗಳ ಊಟದ ತಟ್ಟೆಯನ್ನು ಕೊಂಚ ಹಸಿರಾಗಿಸಲು ದಿನಕ್ಕೆ ಒಂದೆರಡು ಚೊಂಬು ನೀರು ಸಾಕು. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಇಂದು ರಾತ್ರಿಯೇ ಒಂದು ಹಿಡಿ ಮಡಿಕೆಯನ್ನು ನೆನೆಹಾಕಲಿ. ಮೂರನೆಯ ದಿನ ಅದರ ಪಲ್ಯವನ್ನು ತಿನ್ನುವಾಗ, ಅದನ್ನು ಏಕೆ ಬೇಯಿಸಿತೆಂದು ಮನೆಯವರಿಗೂ ತಿಳಿಸಿ ಹೇಳಲಿ.